ಐದು ಗಂಟೆಗೆ ಬಂದವಳು

ಬೋಗಾದಿ ರಸ್ತೆಯ ಕಿವಿ ಆಸ್ಪತ್ರೆಯಲ್ಲಿ
ಆ ಹುಡುಗಿ ನನ್ನ ಕಿವಿಗೆ ಯಂತ್ರ ಸಿಕ್ಕಿಸಿ ಹೇಳಿದಳು:
"ಮೊದಮೊದಲು ನೋಯುತ್ತೆ, ಅಮ್ಮ.
ತಟ್ಟೆ ಇಟ್ಟ ಸದ್ದು, ಕಾಗೆ, ನಿಮ್ಮದೇ ಚಪ್ಪಲಿ,
ಎಲ್ಲ ಜಗಳಕ್ಕೆ ಬಂದ ಹಾಗೆ ಕೇಳುತ್ತೆ.
ನೋಯುತ್ತೆ ಅಂತ ತೆಗೆದಿಡಬೇಡಿ.
ಕೇಳೋದು ತಲೆಗೆ ಮರೆತುಹೋಗಿದೆ,
ಮತ್ತೆ ರೂಢಿ ಆಗಬೇಕು."

ಇಪ್ಪತ್ತೊಂಬತ್ತು ವರ್ಷ ರೇಷ್ಮೆ ಕಾರ್ಖಾನೆ.
ಮಾನಂದವಾಡಿ ರಸ್ತೆಯಲ್ಲಿ ಮೊದಲ ಸೈರನ್ನಿಗೆ ಒಳಗೆ.
ಮಗ್ಗಗಳು ಒಟ್ಟಿಗೆ ಬಾಯಿಬಿಟ್ಟರೆ
ಪಕ್ಕದವಳ ಮಾತನ್ನು ತುಟಿಯಲ್ಲೇ ಓದಬೇಕು.
ಸೀರೆಗಳು ಮದುವೆಗೆ ಹೋದವು,
ಸದ್ದು ನನ್ನಲ್ಲೇ ಉಳಿಯಿತು.

ಯಂತ್ರಕ್ಕೊಂದು ಸಣ್ಣ ಚಕ್ರ, ತೊಗರಿಬೇಳೆಯಷ್ಟು.
ಭಾನುವಾರ ಎರಡನೇ ಪೂಜೆಯಲ್ಲಿ
ಅದನ್ನು ಬಹಳ ಜಾಣತನದಿಂದ ಬಳಸುತ್ತಿದ್ದೆ.
ಕಾನಾ ಊರಿನ ಮದುವೆ ಬಂದರೆ ಪೂರ್ತಿ ಏರಿಸು.
ಕಳೆದ ಕುರಿ ಹುಡುಕುವವನು ಬಂದರೆ ಏರಿಸು.
ಇನ್ನೊಂದು ಕೆನ್ನೆ, ಒಂಟೆ, ಸೂಜಿಯ ಕಣ್ಣು ಬಂದರೆ
ತಲೆಯ ಸೆರಗು ಸರಿಮಾಡುವ ನೆಪದಲ್ಲಿ
ಒಂದು ಸುತ್ತು ಇಳಿಸು.
ಸ್ವಾಮಿಗಳ ತುಟಿ ಅಲ್ಲಾಡುತ್ತಿರುತ್ತದೆ,
ನನ್ನೊಳಗೆ ಶಾಂತಿ, ಸಮಾಧಾನ.
ಇದಕ್ಕೆ ಭಕ್ತಿ ಅಂತಲೇ ಹೆಸರಿಟ್ಟುಕೊಂಡಿದ್ದೆ.

ಆ ದಿನ ದ್ರಾಕ್ಷಿ ತೋಟದ ಕೂಲಿಗಳ ಕಥೆ.
ಬೆಳಿಗ್ಗೆ ಆರಕ್ಕೆ ಬಂದವರಿಗೂ
ಸಂಜೆ ಐದಕ್ಕೆ ಬಂದವರಿಗೂ
ಒಂದೇ ನಾಣ್ಯ.

ಇದನ್ನು ನನ್ನ ಹತ್ತಿರ ಹೇಳಬೇಡಿ ಸ್ವಾಮಿ.
ಯೂನಿಯನ್ನಿನಲ್ಲಿ ಇದ್ದವಳು ನಾನು.
ಅರ್ಧ ಗಂಟೆ ಓಟಿ ನುಂಗಿದ ಮೇಸ್ತ್ರಿಯ ಮುಂದೆ
ಹಾಜರಿ ಪುಸ್ತಕ ಬಿಚ್ಚಿ ನಿಂತವಳು.
ಬಿಸಿಲಲ್ಲಿ ಬೆಂದವರೂ ತಂಪು ಹೊತ್ತಿಗೆ ಬಂದವರೂ ಸಮವೆಂದರೆ
ಯಾವ ಗೇಟಿನ ಮುಂದೆ ಹೋಗಿ ಧಿಕ್ಕಾರ ಕೂಗಲಿ?

ನಿಜ ಹೇಳಲೇ, ಕೂಲಿಯ ಮಾತು ಬರೀ ನೆಪ.

ಅವ್ವ ಹಾಸಿಗೆ ಹಿಡಿದ ಒಂಬತ್ತು ವರ್ಷ
ಮಗ್ಗುಲು ತಿರುಗಿಸಿದವಳು ನಾನು,
ಗಂಜಿ ಕುಡಿಸಿದವಳು, ಬಟ್ಟೆ ಒಗೆದವಳು.
ತಂಗಿ ಜಸಿಂತಾ,
ಹೇಳದೆ ಕೇಳದೆ ಕೊಳ್ಳೇಗಾಲದವನ ಜೊತೆ ಹೋದವಳು,
ಅವ್ವನಿಗೆ ಹನ್ನೊಂದು ದಿನ ಬಾಕಿ ಇದ್ದಾಗ ಬಂದಳು
ಒಂದು ಪ್ಲಾಸ್ಟಿಕ್ ಚೀಲ ಹಿಡಿದು.
ಅವ್ವ ತನ್ನ ಓಲೆ ಬಿಚ್ಚಿದಳು.
ಒಂದು ನನ್ನ ಅಂಗೈಗೆ, ಒಂದು ಅವಳ ಅಂಗೈಗೆ.

ಒಂಟಿ ಓಲೆ ಯಾವ ಕಿವಿಗೆ ಆದೀತು?
ಡಬ್ಬಿಯಲ್ಲಿಟ್ಟಿದ್ದೇನೆ, ಗುಂಡಿ ಪಿನ್ನುಗಳ ಜೊತೆ.

ಬೆರಳು ಚಕ್ರದ ಮೇಲೆಯೇ ಇತ್ತು.
ಯಾಕೋ ಆಸ್ಪತ್ರೆಯ ಹುಡುಗಿ ನೆನಪಾದಳು.
ಇಳಿಸಲಿಲ್ಲ. ಬರೀ ಹಟ ಅದು,
ಏನು ಹೇಳ್ತೀಯೋ ಹೇಳು, ನೋಡೇ ಬಿಡೋಣ ಅನ್ನುವ ಹಟ.
ತೋಟದ ಒಡೆಯ ಕೊನೆಗೆ ಕೇಳುವ ಪ್ರಶ್ನೆ
ನೆಟ್ಟಗೆ ನನ್ನತ್ತಲೇ ಬಂತು,
ಮಗ್ಗದಿಂದ ತಪ್ಪಿ ಹಾರಿದ ಲಾಳಿಯ ಹಾಗೆ.

ಅದರ ಹಿಂದೆಯೇ ಉಳಿದ ಸದ್ದುಗಳೂ ನುಗ್ಗಿದವು:
ಫ್ಯಾನಿನ ಕಿರಕಿರ, ಯಾರದೋ ಮಗುವಿನ ಬಿಕ್ಕಳಿಕೆ,
ಮತ್ತೆ, ಪಕ್ಕದಲ್ಲೇ, ಒಂದು ಗೊರಗೊರ.
ಜಸಿಂತಾಳ ಎದೆ.
ಮೂರು ವರ್ಷದಿಂದ ಒಂದೇ ಬೆಂಚಿನಲ್ಲಿ ಕೂರುತ್ತೇವೆ
ನಡುವೆ ಒಬ್ಬರಿಗಾಗುವಷ್ಟು ಜಾಗ ಬಿಟ್ಟು.
ಅವಳಿಗೆ ಉಬ್ಬಸ ಇರುವುದು ನನಗೆ ಗೊತ್ತಿರಲಿಲ್ಲ.

ಹೊರಗೆ ಬಂದು ಕೇಳಿದೆ, "ಎಷ್ಟು ದಿನದಿಂದ?"
"ಏನು?"
"ಉಸಿರು."
"ಅಲ್ಲಿದ್ದಾಗಿನಿಂದ. ನೂಲು ಬಿಚ್ಚೋ ಹಬೆಯಲ್ಲಿ."

ಹಾಗಾದರೆ ಇವಳೂ ದುಡಿದವಳೇ ಎಂದು
ಬಸ್ಸಿನಲ್ಲಿ ಲೆಕ್ಕ ಸರಿಮಾಡಲು ಹೊರಟೆ.
ಕಥೆ ಹೇಳಿದ್ದು ಅದನ್ನಲ್ಲ ಎಂದೂ ಗೊತ್ತಿತ್ತು.
ಅವಳು ಏನೂ ಮಾಡದೆ ನಿಂತಿದ್ದರೂ
ಅವ್ವ ಓಲೆ ಬಿಚ್ಚುತ್ತಿದ್ದಳು.

ಇನ್ನೂ ಒಪ್ಪಿಲ್ಲ ನಾನು.
ರಾತ್ರಿ ಯಂತ್ರ ತೆಗೆದಿಡುವಾಗ
ಈ ಕಥೆ ಇವತ್ತೂ ಹಿಡಿಸಲಿಲ್ಲ, ದೇವರೇ,
ಎಂದು ಹೇಳಿಯೇ ಮಲಗುತ್ತೇನೆ.
ನಾಳೆ ಹೊಸ ಬ್ಯಾಟರಿ ತರಬೇಕು.
ಅವಳ ಮಾತ್ರೆಯ ಚೀಟಿಯೂ ಪರ್ಸಿನಲ್ಲಿದೆ.